ವಾಲ್ಟರ್ ಬೊನ್‌ಹೋಫರ್: ಒಬ್ಬ ಯುವ ಸೈನಿಕನೂ ಅವನ ಮನೆಯವರೂ

ಡೀಟ್ರಿಕ್ ಬೊನ್‌ಹೋಫರ್ ಅವರ ಜೀವನಚರಿತ್ರೆಯನ್ನು ಓದಿದವರಿಗೆ ಅವರ ಅಣ್ಣ ವಾಲ್ಟರನ ಹೆಸರು ಅಪರಿಚಿತವಲ್ಲ. ಆದರೆ ಆ ಹೆಸರು ಬರುವುದು ಕೆಲವೇ ಪುಟಗಳಲ್ಲಿ. ಹದಿನೆಂಟು ವರ್ಷದ ಹುಡುಗನೊಬ್ಬನು ಯುದ್ಧಕ್ಕೆ ಹೋದನು, ಸತ್ತನು, ಆ ಮರಣದ ನೆರಳಿನಲ್ಲಿ ಬೆಳೆದ ತಮ್ಮನು ದೈವಶಾಸ್ತ್ರದ ಕಡೆಗೆ ತಿರುಗಿದನು ಎಂದು ಹೇಳಿ ಬರೆಯುವವರು ಮುಂದಕ್ಕೆ ಸಾಗುತ್ತಾರೆ. ಒಬ್ಬನ ಮರಣವನ್ನು ಇನ್ನೊಬ್ಬನ ಕರೆಗೆ ಪೀಠಿಕೆಯಾಗಿ ಓದುವ ಈ ರೂಢಿ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ವಾಲ್ಟರನು ಯಾರ ಪೀಠಿಕೆಯೂ ಆಗಿರಲಿಲ್ಲ. ತಮ್ಮನು ಮುಂದೆ ಏನಾಗುವನೆಂಬುದು ಅವನಿಗೂ ಅವನ ತಂದೆತಾಯಿಗಳಿಗೂ ತಿಳಿದಿರಲಿಲ್ಲ. ಆದಕಾರಣ ಈ ಲೇಖನದಲ್ಲಿ ಆ ಸೈನಿಕನನ್ನೇ ಮೊದಲು ನಿಲ್ಲಿಸಿ, ಅವನ ಮರಣವನ್ನು ಆ ಮನೆ ಹೇಗೆ ಹೊತ್ತುಕೊಂಡಿತೆಂಬುದನ್ನು ನೋಡಬಯಸುತ್ತೇನೆ. ದೈವಶಾಸ್ತ್ರದ ಮಾತು ಬರುವಷ್ಟು ಬರಲಿ.

ವಾಲ್ಟರ್ ಹುಟ್ಟಿದ್ದು 1899ರ ಡಿಸೆಂಬರ್ 10ರಂದು, ಬ್ರೆಸ್ಲೌ ನಗರದಲ್ಲಿ. ಅಂದು ಜರ್ಮನಿಗೆ ಸೇರಿದ್ದ ಆ ಊರು ಇಂದು ಪೋಲೆಂಡಿನಲ್ಲಿದೆ. ತಂದೆ ಕಾರ್ಲ್ ಬೊನ್‌ಹೋಫರ್ ಮನೋವೈದ್ಯರು. 1912ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದು ಶಾರಿಟೆ ಆಸ್ಪತ್ರೆಯ ಮನೋವೈದ್ಯ ವಿಭಾಗದ ಮುಖ್ಯಸ್ಥರಾದರು. ತಾಯಿ ಪೌಲಾ ಹಾಸೆ ವಂಶದವರು. ಅವರ ತಾತ ಕಾರ್ಲ್ ಆಗಸ್ಟ್ ಫಾನ್ ಹಾಸೆ ಯೇನಾದಲ್ಲಿ ಹೆಸರಾಂತ ಸಭಾಚರಿತ್ರಕಾರರು. ತಂದೆಯು ಚಕ್ರವರ್ತಿ ಎರಡನೆಯ ವಿಲ್ಹೆಲ್ಮನ ಆಸ್ಥಾನದಲ್ಲಿ ಪ್ರಸಂಗಿಯಾಗಿದ್ದು, ಅವನೊಂದಿಗೆ ಭಿನ್ನಾಭಿಪ್ರಾಯ ಬಂದು ಆ ಹುದ್ದೆಯನ್ನು ಬಿಟ್ಟವರು. ಈ ದಂಪತಿಗಳಿಗೆ ಎಂಟು ಮಕ್ಕಳು: ಕಾರ್ಲ್-ಫ್ರೀಡ್ರಿಕ್, ವಾಲ್ಟರ್, ಕ್ಲೌಸ್, ಉರ್ಸುಲಾ, ಕ್ರಿಸ್ಟೀನೆ, 1906ರಲ್ಲಿ ಅವಳಿಗಳಾಗಿ ಹುಟ್ಟಿದ ಡೀಟ್ರಿಕ್ ಮತ್ತು ಸಬೀನೆ, ಕೊನೆಯವಳು ಸುಸಾನೆ. ಹಿರಿಯವನೂ ವಾಲ್ಟರನೂ ಒಂದೇ ವರ್ಷದ ಜನವರಿಯಲ್ಲೂ ಡಿಸೆಂಬರಿನಲ್ಲೂ ಹುಟ್ಟಿದವರಾದ್ದರಿಂದ ಶಾಲೆಯಿಂದ ಸೈನ್ಯದವರೆಗೆ ಜೋಡಿಯಾಗಿ ನಡೆದರು.

ಹಾರ್ಟ್ಸ್ ಬೆಟ್ಟಗಳ ಫ್ರೀಡ್ರಿಕ್ಸ್‌ಬ್ರುನ್‌ನಲ್ಲಿ, ಒಂದು ಕಾಲದಲ್ಲಿ ಅರಣ್ಯಾಧಿಕಾರಿ ವಾಸಿಸುತ್ತಿದ್ದ ಮನೆಯನ್ನು ಈ ಕುಟುಂಬವು ರಜೆಯ ದಿನಗಳಿಗಾಗಿ ಕೊಂಡುಕೊಂಡಿತ್ತು. ಹಿರಿಯಣ್ಣನಿಗೆ ಭೌತವಿಜ್ಞಾನದ ಹುಚ್ಚು. ಸೈನ್ಯಕ್ಕೆ ಹೋಗುವಾಗಲೂ ಅವನು ಭೌತವಿಜ್ಞಾನದ ಪಠ್ಯಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೋದನು. ವಾಲ್ಟರನಿಗೆ ಕಾಡು ಇಷ್ಟ, ಅಲ್ಲಿನ ಜೀವಿಗಳು ಇಷ್ಟ.

ಮನೆಯ ಧಾರ್ಮಿಕ ಜೀವನವನ್ನು ಕುರಿತು ಒಂದು ಮಾತು ಅಗತ್ಯ. ಇವರು ಪ್ರತಿ ಭಾನುವಾರ ಆರಾಧನೆಗೆ ಹೋಗುವ ಜನರಾಗಿರಲಿಲ್ಲ. ಪೌಲಾ ಅವರು ಯೌವನದಲ್ಲಿ ಕೆಲವು ತಿಂಗಳು ಹರ್ನ್‌ಹುಟ್‌ನ ಮೊರೇವಿಯನ್ ಸಹೋದರರ ನಡುವೆ ಇದ್ದವರು, ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಶಿಕ್ಷಕಿಯೂ ಆ ಪಂಥದವಳು. ಸತ್ಯವೇದದ ಕಥೆಗಳನ್ನೂ ಸ್ತೋತ್ರಗೀತೆಗಳನ್ನೂ ತಾಯಿಯೇ ಮನೆಯಲ್ಲಿ ಕಲಿಸಿದರು. ತಂದೆ ಇದಾವುದಕ್ಕೂ ಅಡ್ಡಿ ಬರಲಿಲ್ಲ, ತಾವಾಗಿ ಅದರಲ್ಲಿ ಸೇರಲೂ ಇಲ್ಲ. ಅವರು ಮಕ್ಕಳಿಗೆ ಕಲಿಸಿದ್ದು ಬೇರೊಂದನ್ನು: ಪೊಳ್ಳು ಮಾತು ಆಡಬಾರದು, ಅನುಭವಿಸದ ಭಾವವನ್ನು ನುಡಿಯಬಾರದು. ಊಟದ ಮೇಜಿನ ಬಳಿ ಮಕ್ಕಳು ಆಡುವ ಮಾತನ್ನು ಅಳೆದು ಆಡಬೇಕಾಗಿತ್ತು. ವಾಲ್ಟರನ ಕೊನೆಯ ಪತ್ರವನ್ನು ಓದುವಾಗ ಈ ಶಿಸ್ತನ್ನು ನೆನಪಿನಲ್ಲಿಡಬೇಕು.

1914ರಲ್ಲಿ ವಾಲ್ಟರನ ದೃಢೀಕರಣವಾಯಿತು. ಆಗ ಅವನಿಗೆ ಒಂದು ಸತ್ಯವೇದ ದೊರೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಯುದ್ಧ ಆರಂಭವಾಯಿತು. ಹೆಣ್ಣುಮಕ್ಕಳಲ್ಲಿ ಒಬ್ಬಳು ಯುದ್ಧ ಬಂತೆಂದು ಸಂತೋಷದಿಂದ ಕೂಗುತ್ತ ಮನೆಯೊಳಕ್ಕೆ ಓಡಿಬಂದಾಗ ಅವಳ ಕೆನ್ನೆಗೆ ಏಟು ಬಿತ್ತಂತೆ. ಎಂಟು ವರ್ಷದ ಡೀಟ್ರಿಕ್ ಮಾತ್ರ ಭೂಪಟದ ಮೇಲೆ ಬಣ್ಣದ ಗುಂಡುಸೂಜಿಗಳನ್ನು ಚುಚ್ಚಿ ರಣರಂಗದ ಗೆರೆಯನ್ನು ಸರಿಸುತ್ತಿದ್ದನು. ಹೊರಗೆ, ಜರ್ಮನಿಯ ಪ್ರಸಂಗಪೀಠಗಳು ಯುದ್ಧವನ್ನು ದೇವರ ಗಳಿಗೆಯೆಂದು ಸಾರುತ್ತಿದ್ದವು. ಜನತೆಯನ್ನು ಉದ್ದೇಶಿಸಿ ಚಕ್ರವರ್ತಿ ಹೊರಡಿಸಿದ ಕರೆಯ ಕರಡನ್ನು ಸಿದ್ಧಪಡಿಸುವುದರಲ್ಲಿ ಕೈಯಿಟ್ಟವರು ಆ ಕಾಲದ ಅಗ್ರಗಣ್ಯ ದೈವಶಾಸ್ತ್ರಜ್ಞ ಅಡಾಲ್ಫ್ ಫಾನ್ ಹಾರ್ನಾಕ್. ಬೊನ್‌ಹೋಫರ್ ಕುಟುಂಬವು 1916ರಲ್ಲಿ ಬರ್ಲಿನ್ನಿನ ಗ್ರೂನೆವಾಲ್ಡ್‌ಗೆ ಮನೆ ಬದಲಾಯಿಸಿದಾಗ ಹಾರ್ನಾಕ್ ಅವರು ನೆರೆಹೊರೆಯವರಾದರು. ಸ್ವಿಟ್ಜರ್ಲೆಂಡಿನಲ್ಲಿ ಯುವ ಸಭಾಪಾಲಕ ಕಾರ್ಲ್ ಬಾರ್ತ್ ತಮ್ಮ ಗುರುಗಳು ಯುದ್ಧದ ಪರವಾಗಿ ಸಹಿಹಾಕಿದ್ದನ್ನು ಕಂಡು ಅವರ ದೈವಶಾಸ್ತ್ರದ ಮೇಲಿನ ಭರವಸೆಯನ್ನೇ ಕಳೆದುಕೊಂಡ ಸಂಗತಿ ನಮ್ಮ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ನಮ್ಮ ಕರಾವಳಿಯ ಬಾಸೆಲ್ ಮಿಷನ್ ಸಭೆಗಳಲ್ಲಿ ಅದೇ ಯುದ್ಧವನ್ನು ನೆನೆಯುವುದು ಬಂಧನಕ್ಕೊಳಗಾಗಿ ದೇಶ ಬಿಟ್ಟುಹೋದ ಜರ್ಮನ್ ಮಿಷನರಿಗಳ ಮೂಲಕ. ಅವರ ದೇಶದ ಮನೆಗಳಲ್ಲಿ ಏನು ನಡೆಯುತ್ತಿತ್ತೆಂಬುದನ್ನು ನಾವು ಕೇಳಿದ್ದು ಕಡಿಮೆ.

1917ರಲ್ಲಿ ಇಬ್ಬರು ಹಿರಿಯ ಮಕ್ಕಳಿಗೂ ಸೈನ್ಯದ ಕರೆ ಬಂತು. ದೊಡ್ಡವರ ಪರಿಚಯವಿದ್ದ ಮನೆ. ಬೇಕೆಂದಿದ್ದರೆ ಸುರಕ್ಷಿತವಾದ ಜಾಗವನ್ನು ದೊರಕಿಸಬಹುದಾಗಿತ್ತು. ಹುಡುಗರಿಬ್ಬರೂ ಅದನ್ನು ಬೇಡವೆಂದರು. ಜನರ ಅಗತ್ಯ ಹೆಚ್ಚಾಗಿರುವ ಕಾಲ್ದಳಕ್ಕೇ ಸೇರುತ್ತೇವೆಂದು ಹಟ ಹಿಡಿದು ಸ್ಪಾಂಡೌನ ಗಾರ್ಡ್ಸ್ ರೆಜಿಮೆಂಟಿಗೆ ಸೇರಿದರು. ಇದರಲ್ಲಿ ದೇಶಾಭಿಮಾನವೆಷ್ಟು, ಬೇರೆಯವರ ಮಕ್ಕಳು ಹೋಗುವಲ್ಲಿಗೆ ತಾವೂ ಹೋಗಬೇಕೆಂಬ ನ್ಯಾಯಬುದ್ಧಿ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಎರಡನೆಯದೇ ಹೆಚ್ಚಾಗಿತ್ತೆಂದು ನಾನು ನಂಬುತ್ತೇನೆ.

1918ರ ಏಪ್ರಿಲ್‌ನಲ್ಲಿ ವಾಲ್ಟರನು ಅಧಿಕಾರಿ ಪದವಿಯ ಅಭ್ಯರ್ಥಿಯಾಗಿ ಪಶ್ಚಿಮ ರಣರಂಗಕ್ಕೆ ಹೊರಟನು. ಹೊರಡುವ ಹಿಂದಿನ ಸಂಜೆ ಹನ್ನೆರಡು ವರ್ಷದ ಡೀಟ್ರಿಕ್ ಒಂದು ಬೀಳ್ಕೊಡುಗೆಯ ಹಾಡಿಗೆ ತಾನೇ ಸಂಗೀತ ಹೊಂದಿಸಿ ಹಾಡಿದನು. ಮರುದಿನ ಮನೆಯವರೆಲ್ಲ ನಿಲ್ದಾಣಕ್ಕೆ ಹೋದರು. ರೈಲು ಚಲಿಸತೊಡಗಿದಾಗ ತಾಯಿ ಅದರ ಪಕ್ಕದಲ್ಲೇ ಓಡುತ್ತ, ನಮ್ಮನ್ನು ಅಗಲಿಸುತ್ತಿರುವುದು ದೂರ ಮಾತ್ರ ಎಂಬ ಅರ್ಥದ ಮಾತನ್ನು ಮಗನಿಗೆ ಕೂಗಿ ಹೇಳಿದರೆಂದು ಸಬೀನೆ ಬಹುಕಾಲದ ನಂತರ ನೆನೆದಿದ್ದಾರೆ. ಆ ಮಾತು ಆಕೆಯ ಮನಸ್ಸಿನಲ್ಲಿ ಅಷ್ಟು ಆಳವಾಗಿ ನಿಂತಿತ್ತು.

ಎರಡು ವಾರಗಳೊಳಗೆ ಎಲ್ಲವೂ ಮುಗಿಯಿತು. ಏಪ್ರಿಲ್ 23ರಂದು ಮುಂದಕ್ಕೆ ಸಾಗುತ್ತಿದ್ದಾಗ ಸಿಡಿಗುಂಡೊಂದು ಸ್ಫೋಟಿಸಿ ಅವನು ಗಾಯಗೊಂಡನು. ರಣರಂಗದ ಆಸ್ಪತ್ರೆಯಲ್ಲಿ ಎರಡು ಶಸ್ತ್ರಚಿಕಿತ್ಸೆಗಳಾದವು. 28ರಂದು ಸತ್ತನು.

ಸಾಯುವುದಕ್ಕೆ ಕೆಲವೇ ಗಂಟೆಗಳ ಮುಂಚೆ ಅವನು ಹೇಳಿ ಬರೆಯಿಸಿದ ಪತ್ರ ಉಳಿದುಬಂದಿದೆ. ಎರಡನೆಯ ಚಿಕಿತ್ಸೆ ಮೊದಲಿನದರಷ್ಟು ಸುಲಭವಾಗಲಿಲ್ಲ, ಚೂರುಗಳು ಆಳದಲ್ಲಿದ್ದವು ಎಂದು ಮೊದಲು ತಿಳಿಸುತ್ತಾನೆ. ನೋವಿನ ಕಡೆಗೆ ಮನಸ್ಸು ಹೋಗದಂತೆ ಬೇರೆ ಸಂಗತಿಗಳನ್ನು ಯೋಚಿಸುವ ತನ್ನ ಉಪಾಯವನ್ನು ಇಲ್ಲಿಯೂ ಬಳಸುತ್ತಿದ್ದೇನೆ ಎನ್ನುತ್ತಾನೆ. ತನ್ನ ಗಾಯಗಳಿಗಿಂತ ಮುಖ್ಯವಾದ ವಿಷಯಗಳು ಲೋಕದಲ್ಲಿವೆ ಎಂದು ಹೇಳಿ, ಕೆಮ್ಮೆಲ್ ಬೆಟ್ಟವನ್ನು ಹಿಡಿದದ್ದನ್ನೂ ಈಪರ್ ನಗರ ಕೈಸೇರಿತೆಂಬ ಅಂದಿನ ಸುದ್ದಿಯನ್ನೂ ಪ್ರಸ್ತಾಪಿಸುತ್ತಾನೆ. ತನ್ನ ರೆಜಿಮೆಂಟಿಗೆ ಆದ ನಷ್ಟವನ್ನು ನೆನೆಯಲು ಧೈರ್ಯವಿಲ್ಲವೆನ್ನುತ್ತಾನೆ, ಜೊತೆಗಾರರ ಕ್ಷೇಮ ಕೇಳುತ್ತಾನೆ. ಕೊನೆಯಲ್ಲಿ, ಇಷ್ಟು ದೂರದಿಂದ ಹಗಲೂ ರಾತ್ರಿಯೂ ನಿಮ್ಮನ್ನೇ ನೆನೆಯುತ್ತಿದ್ದೇನೆ ಎಂದು ಮುಗಿಸುತ್ತಾನೆ.

ಚರಿತ್ರೆಯ ವಿದ್ಯಾರ್ಥಿಗೆ ಈ ಪತ್ರದಲ್ಲಿ ಒಂದು ಸಂಗತಿ ಒಡನೆಯೇ ಕಾಣುತ್ತದೆ. ಕೆಮ್ಮೆಲ್ ಬೆಟ್ಟ ಏಪ್ರಿಲ್ 25ರಂದು ಜರ್ಮನರಿಗೆ ಸಿಕ್ಕಿದ್ದು ನಿಜ. ಈಪರ್ ಸಿಗಲಿಲ್ಲ. ವಾಲ್ಟರ್ ಸತ್ತ ಮರುದಿನವೇ ಫ್ಲಾಂಡರ್ಸ್‌ನ ಆ ದಾಳಿ ನಿಂತುಹೋಯಿತು. ಸಾಯುವ ಹುಡುಗನಿಗೆ ಸಮಾಧಾನ ಕೊಟ್ಟದ್ದು ಸುಳ್ಳು ಸುದ್ದಿ. ಲಕ್ಷಾಂತರ ಯುವಕರ ವಿಷಯದಲ್ಲಿ ಹೀಗೆಯೇ ಆಗಿರಬೇಕು.

ದೈವಶಾಸ್ತ್ರದ ವಿದ್ಯಾರ್ಥಿಗೆ ಇನ್ನೊಂದು ಸಂಗತಿ ಕಾಣುತ್ತದೆ. ನಮಗೆ ದೊರೆತಿರುವ ಪಾಠದಲ್ಲಿ ದೇವರ ಹೆಸರಿಲ್ಲ, ವಚನವಿಲ್ಲ, ಪ್ರಾರ್ಥನೆಯ ಬಿನ್ನಹವಿಲ್ಲ. ಸ್ಮರಣೆಯ ಆರಾಧನೆಯಲ್ಲಿ ಇಂಥ ಪತ್ರವನ್ನು ಓದಬೇಕಾಗಿ ಬಂದರೆ ನಮ್ಮಲ್ಲಿ ಅನೇಕರು ಕೊನೆಗೊಂದು ವಚನ ಸೇರಿಸದೆ ಬಿಡಲಾರರು. ನಾನು ಅದನ್ನು ಅವಿಶ್ವಾಸದ ಪತ್ರವೆಂದು ಓದುವುದಿಲ್ಲ. ತಂದೆ ಕಲಿಸಿದಂತೆ, ತಾನು ನಿಜವಾಗಿ ಹೇಳಬಲ್ಲಷ್ಟನ್ನೇ ಅವನು ಹೇಳಿದನು. ತನ್ನ ನೋವನ್ನು ಚಿಕ್ಕದು ಮಾಡಿ ಹೇಳಿದ್ದು ಮನೆಯವರ ಮೇಲಿನ ಪ್ರೀತಿಯಿಂದ. ರೋಗಿಯ ಹಾಸಿಗೆಯ ಬಳಿ ನಿಲ್ಲುವ ಸಭಾಪಾಲಕನು ಮೊದಲು ಕೇಳಿಸಿಕೊಳ್ಳಬೇಕಾದದ್ದು ಈ ಬಗೆಯ ಮಾತನ್ನೇ.

ಸುದ್ದಿ ಬಂದದ್ದು ಮೇ ತಿಂಗಳ ಒಂದು ಬೆಳಗ್ಗೆ, ಎರಡು ತಂತಿಗಳ ರೂಪದಲ್ಲಿ. ಆಸ್ಪತ್ರೆಗೆ ಹೊರಟಿದ್ದ ತಂದೆ ಅವುಗಳನ್ನು ಒಡೆದು ನೋಡಿ, ಬಿಳಿಚಿಕೊಂಡು, ತಮ್ಮ ಕೋಣೆಗೆ ಹೋಗಿ ಮೇಜಿನ ಮೇಲೆ ಮುಖ ಮುಚ್ಚಿ ಕುಳಿತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, ಎಂದೂ ಹಗುರವಾಗಿ ಏರುತ್ತಿದ್ದ ಮೆಟ್ಟಿಲುಗಳನ್ನು ಕೈಪಿಡಿ ಹಿಡಿದುಕೊಂಡು ಏರಿ ಹೆಂಡತಿಯ ಕೋಣೆಗೆ ಹೋದರು. ಬಾಗಿಲ ಸಂದಿನಿಂದ ಇದನ್ನು ಕಂಡವಳು ಸಬೀನೆ.

ಪೌಲಾ ಅವರು ಕುಸಿದರು. ನೆರೆಯವರ ಮನೆಯಲ್ಲಿ ವಾರಗಟ್ಟಲೆ ಹಾಸಿಗೆ ಹಿಡಿದಿದ್ದರು. ಎಂಟು ಮಕ್ಕಳ ಮನೆಯನ್ನು ನಡೆಸಿದ ಆ ಗಟ್ಟಿ ಹೆಂಗಸು ಮೊದಲಿನಂತೆ ಆಗಲು ಬಹಳ ಕಾಲ ಬೇಕಾಯಿತು. ಕಾರ್ಲ್ ಅವರಿಗೆ ಪ್ರತಿ ಹೊಸವರ್ಷದ ಹೊತ್ತಿಗೆ ಮಕ್ಕಳ ವಿಷಯವನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವಿತ್ತು. ಮಗ ಸತ್ತ ಮೇಲೆ ಹತ್ತು ವರ್ಷ ಅದರಲ್ಲಿ ಏನನ್ನೂ ಬರೆಯಲಿಲ್ಲ. ಯುದ್ಧದಲ್ಲಿ ಮನಸ್ಸು ಮುರಿದು ಬಂದ ಸೈನಿಕರನ್ನು ತಮ್ಮ ವಿಭಾಗದಲ್ಲಿ ಪರೀಕ್ಷಿಸುತ್ತಿದ್ದ ವೈದ್ಯರು ಅವರು.

ಇನ್ನು ತಮ್ಮನ ವಿಷಯ. 1921ರ ಮಾರ್ಚ್‌ನಲ್ಲಿ ಡೀಟ್ರಿಕನ ದೃಢೀಕರಣದ ದಿನ ತಾಯಿ ಅವನಿಗೆ ವಾಲ್ಟರನ ಸತ್ಯವೇದವನ್ನೇ ಕೊಟ್ಟರು. ಜೀವಮಾನವಿಡೀ ಧ್ಯಾನಕ್ಕೂ ಆರಾಧನೆಗೂ ಅವರು ಬಳಸಿದ್ದು ಅದನ್ನೇ ಎಂದು ಆಪ್ತಮಿತ್ರ ಎಬರ್ಹಾರ್ಡ್ ಬೆಟ್ಗೆ ಬರೆದಿದ್ದಾರೆ. ಯೆಹೂದ್ಯರ ಸಭಾಮಂದಿರಗಳನ್ನು ಸುಟ್ಟ ರಾತ್ರಿಯ ತಾರೀಖು, ಅಂದರೆ 1938ರ ನವೆಂಬರ್ 9, ಅವರ ಧ್ಯಾನದ ಸತ್ಯವೇದದಲ್ಲಿ ಎಪ್ಪತ್ತನಾಲ್ಕನೆಯ ಕೀರ್ತನೆಯ ಪಕ್ಕದಲ್ಲಿ ಬರೆದಿದೆ.

1930ರಲ್ಲಿ ನ್ಯೂಯಾರ್ಕಿಗೆ ಓದಲು ಹೋದಾಗ, ಜರ್ಮನಿಯ ಶತ್ರುವಾಗಿದ್ದ ದೇಶದ ಕ್ರೈಸ್ತರ ಮುಂದೆ ನಿಂತು, ತನ್ನ ಅಣ್ಣಂದಿರಲ್ಲಿ ಒಬ್ಬನು ಗಾಯಗೊಂಡದ್ದನ್ನೂ ಒಬ್ಬನು ಸತ್ತದ್ದನ್ನೂ ಅವರು ಹೇಳಿದರು. ದೊಡ್ಡಪ್ಪ-ಚಿಕ್ಕಪ್ಪಂದಿರ ಮನೆಗಳಲ್ಲಿಯೂ ಮೂವರು ಹುಡುಗರು ಸತ್ತಿದ್ದರು. ಅಲ್ಲಿ ಸ್ನೇಹಿತರಾದ ಫ್ರೆಂಚ್ ಸಭಾಪಾಲಕ ಜಾನ್ ಲಾಸೇರ್ ಅವರೊಂದಿಗೆ, ರೆಮಾರ್ಕನ ಯುದ್ಧ ಕಾದಂಬರಿಯನ್ನು ಆಧರಿಸಿದ ಚಲನಚಿತ್ರವನ್ನು ನೋಡಿದರು. ಪರದೆಯ ಮೇಲೆ ಫ್ರೆಂಚ್ ಸೈನಿಕರು ಸಾಯುವಾಗ ಪ್ರೇಕ್ಷಕರು ನಕ್ಕು ಚಪ್ಪಾಳೆ ತಟ್ಟಿದರು. ವಾಲ್ಟರನ ತಮ್ಮನು ಆ ಸಂಜೆಯೆಲ್ಲ ಫ್ರೆಂಚ್ ಗೆಳೆಯನನ್ನು ಸಮಾಧಾನಪಡಿಸುತ್ತಿದ್ದನು. ಶಾಂತಿಯ ಆಜ್ಞೆಯ ಬಗ್ಗೆ ಅವರಿಗೆ ಹುಟ್ಟಿದ ದೃಢತೆಗೂ, 1934ರಲ್ಲಿ ಗಾಂಧೀಜಿಯವರ ಬಳಿ ಬಂದು ಇರಬೇಕೆಂದು ಪತ್ರ ಬರೆದು ಆಹ್ವಾನ ಪಡೆದದ್ದಕ್ಕೂ ಈ ಗೆಳೆತನದ ನಂಟಿದೆ. ಆ ಪ್ರಯಾಣ ಕೈಗೂಡಲಿಲ್ಲ.

1943ರ ಕ್ರಿಸ್‌ಮಸ್‌ನ ಹಿಂದಿನ ದಿನ ತೇಗೆಲ್ ಸೆರೆಮನೆಯಿಂದ ಬೆಟ್ಗೆ ದಂಪತಿಗಳಿಗೆ ಅವರು ಬರೆದ ಪತ್ರ ಪ್ರಸಿದ್ಧವಾಗಿದೆ. ಪ್ರಿಯರಾದವರ ಅಗಲಿಕೆಯನ್ನು ಯಾವುದೂ ತುಂಬಲಾರದು, ತುಂಬಲು ಪ್ರಯತ್ನಿಸಲೂ ಬಾರದು. ದೇವರು ಆ ಬರಿದನ್ನು ತುಂಬುತ್ತಾನೆ ಎಂಬುದು ತಪ್ಪು. ಅದನ್ನು ಬರಿದಾಗಿಯೇ ಇರಿಸಿ, ನೋವಿನೊಡನೆ ಆ ಅನ್ಯೋನ್ಯತೆಯನ್ನು ಕಾಪಾಡುತ್ತಾನೆ ಎಂಬುದು ಅದರ ತಾತ್ಪರ್ಯ. ಸೆರೆಯ ಅಗಲಿಕೆಯನ್ನು ಕುರಿತ ಮಾತು ಅದು, ವಾಲ್ಟರನ ಹೆಸರು ಅಲ್ಲಿಲ್ಲ. ಆದರೂ ಅದನ್ನು ಓದುವಾಗ ನನಗೆ ರೈಲಿನ ಪಕ್ಕದಲ್ಲಿ ಓಡುವ ತಾಯಿಯೂ, ಹತ್ತು ವರ್ಷ ಬರೆಯದೆ ಬಿಟ್ಟ ಪುಟಗಳೂ ನೆನಪಾಗುತ್ತವೆ. ಆ ಮನೆಯವರು ವಾಲ್ಟರನ ಜಾಗವನ್ನು ವೀರಮರಣದ ಮಾತಿನಿಂದಲೂ ತುಂಬಲಿಲ್ಲ, ಭಕ್ತಿಯ ಮಾತಿನಿಂದಲೂ ತುಂಬಲಿಲ್ಲ. ಬರಿದನ್ನು ಬರಿದಾಗಿ ಬಿಡುವುದನ್ನು ಆ ತಮ್ಮನು ಕಲಿತದ್ದು ಗ್ರಂಥಗಳಿಂದಲ್ಲ, ಹನ್ನೆರಡನೆಯ ವಯಸ್ಸಿನಲ್ಲಿ ಆ ಮನೆಯಲ್ಲಿ ಎಂದು ಊಹಿಸುವುದು ಅನುಚಿತವಾಗಲಾರದು. ನಮ್ಮ ಶವಸಂಸ್ಕಾರದ ಪ್ರಸಂಗಗಳಲ್ಲಿ, ಮಣ್ಣು ಹಾಕುವ ಮುಂಚೆಯೇ, ಕರ್ತನು ಈ ಕೊರತೆಯನ್ನು ನೀಗಿಸಲಿ ಎಂದು ಎಷ್ಟು ಬೇಗ ಹೇಳಿಬಿಡುತ್ತೇವೆ!

1945ರ ಏಪ್ರಿಲ್ ಆ ಮನೆಗೆ ಮತ್ತೆ ಬಂತು. 9ರಂದು ಫ್ಲೋಸೆನ್‌ಬುರ್ಗ್‌ನಲ್ಲಿ ಡೀಟ್ರಿಕ್‌ ಅವರನ್ನು ಗಲ್ಲಿಗೇರಿಸಿದರು. ಕ್ರಿಸ್ಟೀನೆಯ ಗಂಡ ಹಾನ್ಸ್ ಫಾನ್ ದೊನಾನ್ಯಿ ಅವರನ್ನೂ ಅದೇ ದಿನಗಳಲ್ಲಿ ಕೊಂದರು. ತಿಂಗಳ ಕೊನೆಯ ಭಾಗದಲ್ಲಿ, ವಾಲ್ಟರನು ಗಾಯಗೊಂಡ ತಾರೀಖಿನ ಸುಮಾರಿಗೇ, ಕ್ಲೌಸ್‌ ಅವರನ್ನೂ ಉರ್ಸುಲಾಳ ಗಂಡ ರೂಡಿಗರ್ ಶ್ಲೈಖರ್ ಅವರನ್ನೂ ಬರ್ಲಿನ್ನಿನಲ್ಲಿ ಗುಂಡಿಕ್ಕಿ ಕೊಂದರು. ಜುಲೈ 27ರಂದು ಲಂಡನ್ನಿನಲ್ಲಿ ಬಿಷಪ್ ಜಾರ್ಜ್ ಬೆಲ್ ನಡೆಸಿದ ಸ್ಮರಣೆಯ ಆರಾಧನೆಯನ್ನು ವೃದ್ಧ ತಂದೆತಾಯಿಗಳು ಬರ್ಲಿನ್ನಿನ ಮನೆಯಲ್ಲಿ ರೇಡಿಯೋದಲ್ಲಿ ಕೇಳಿದರು. ಕಾರ್ಲ್ 1948ರಲ್ಲಿಯೂ ಪೌಲಾ 1951ರಲ್ಲಿಯೂ ತೀರಿಕೊಂಡರು. ನಾಲ್ವರು ಗಂಡುಮಕ್ಕಳಲ್ಲಿ ಆಗ ಬದುಕಿದ್ದವರು ಒಬ್ಬರೇ: ವಾಲ್ಟರನ ಜೊತೆಯಲ್ಲಿ ಸ್ಪಾಂಡೌಗೆ ಹೋಗಿದ್ದ ಕಾರ್ಲ್-ಫ್ರೀಡ್ರಿಕ್.