ಒಂದು ಚುಕ್ಕಿಯ ಚರಿತ್ರೆ

ದಶಮಾಂಶ ಸಂಖ್ಯೆಗಳನ್ನು ಗುಣಿಸುವ ನಿಯಮವನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಚುಕ್ಕಿ ಇಲ್ಲವೆಂಬಂತೆ ಗುಣಿಸಬೇಕು. ಎರಡೂ ಸಂಖ್ಯೆಗಳಲ್ಲಿ ಚುಕ್ಕಿಯ ಬಲಕ್ಕಿರುವ ಅಂಕಿಗಳನ್ನು ಎಣಿಸಿ ಕೂಡಿಸಬೇಕು. ಉತ್ತರದಲ್ಲಿ ಬಲದಿಂದ ಅಷ್ಟು ಅಂಕಿಗಳನ್ನು ಬಿಟ್ಟು ಚುಕ್ಕಿ ಇಡಬೇಕು. ಯಾಕೆ ಹೀಗೆ ಎಂದು ಕೇಳಿದರೆ ನಾವು ತಡವರಿಸುತ್ತೇವೆ. ಕಂಡುಹಿಡಿದವರು ಯಾರೆಂದು ಕೇಳಿದರೆ, "ಎಲ್ಲವೂ ನಮ್ಮಲ್ಲೇ ಇತ್ತು" ಎಂಬ ಹೆಮ್ಮೆಯ ಉತ್ತರ ಹಲವು ಕಡೆಗಳಿಂದ ಬರುತ್ತದೆ. ಚರಿತ್ರೆ ಹೇಳುವುದೇ ಬೇರೆ.

ತಳಪಾಯ ಭಾರತದ್ದು. ಒಂಬತ್ತು ಅಂಕಿ, ಒಂದು ಸೊನ್ನೆ. ಎಡಕ್ಕೆ ಒಂದು ಸ್ಥಾನ ಸರಿದರೆ ಬೆಲೆ ಹತ್ತು ಪಟ್ಟು. ಬ್ರಹ್ಮಗುಪ್ತ 628ರಲ್ಲಿ ಸೊನ್ನೆಯೊಡನೆ ಲೆಕ್ಕ ಮಾಡುವ ನಿಯಮಗಳನ್ನು ಬರೆದ. ನಮ್ಮ ನಾಡಿನಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗಳನ್ನು ವಿಸ್ತಾರವಾಗಿ ವಿವರಿಸಿದ. ಆದರೆ ಅವು ಮೇಲೆ ಅಂಶ, ಕೆಳಗೆ ಛೇದ ಇರುವ ಭಿನ್ನಗಳು. ಒಂದಕ್ಕಿಂತ ಕಿರಿದಾದ ಭಾಗಗಳನ್ನೂ ಅದೇ ಸಾಲಿನಲ್ಲಿ, ಬಲಕ್ಕೆ ಮುಂದುವರಿಸಿ ಬರೆಯುವ ಹೆಜ್ಜೆ ಬಾಕಿ ಇತ್ತು.

ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಭಾರತದ ಈ ಲೆಕ್ಕದ ಬಗ್ಗೆ ಪುಸ್ತಕ ಬರೆದರು. ಅರಬರು ಅದನ್ನು 'ಹಿಂದ್‌ನ ಲೆಕ್ಕ' ಎಂದೇ ಕರೆದರು, ಮೂಲವನ್ನು ಮುಚ್ಚಿಡಲಿಲ್ಲ. ದಮಸ್ಕಸ್‌ನಲ್ಲಿ ಅಲ್ ಉಕ್ಲಿದಿಸಿ 952-53ರಲ್ಲಿ ಬರೆದ ಗ್ರಂಥದ ಹೆಸರಿನಲ್ಲೂ ಆ ಮಾತಿದೆ. ಬಾಕಿಯಿದ್ದ ಹೆಜ್ಜೆ ನಮಗೆ ಕಾಣಸಿಗುವುದು ಅಲ್ಲಿ. ಅವರು ಬಿಡಿ ಸ್ಥಾನದ ಅಂಕಿಯ ಮೇಲೆ ಪುಟ್ಟ ಗೀಟು ಹಾಕಿ, ಅದರ ಬಲಕ್ಕೆ ಹತ್ತನೇ, ನೂರನೇ ಭಾಗಗಳನ್ನು ಬರೆದರು.

ಅವರ ಒಂದು ಲೆಕ್ಕ ನೋಡೋಣ. 135ಕ್ಕೆ ಅದರ ಹತ್ತನೇ ಒಂದು ಭಾಗ ಸೇರಿಸಬೇಕು. ಬಂದದ್ದಕ್ಕೆ ಮತ್ತೆ ಅದರ ಹತ್ತನೇ ಭಾಗ. ಹೀಗೆ ಐದು ಸಲ. ಇಂದಿನ ಮಾತಿನಲ್ಲಿ, ಪ್ರತಿ ಸಲ 1.1ರಿಂದ ಗುಣಿಸುವುದು. 148.5, 163.35, 179.685, 197.6535, ಕೊನೆಗೆ 217.41885. ಪ್ರತಿ ಗುಣಾಕಾರಕ್ಕೂ ಚುಕ್ಕಿಯ ಬಲಕ್ಕೆ ಒಂದೊಂದು ಅಂಕಿ ಹೆಚ್ಚುತ್ತದೆ. ನಿಯಮದ ಗುಟ್ಟು ಇಲ್ಲಿದೆ. 148.5 ಎಂದರೆ 1485 ಹತ್ತನೇ ಭಾಗಗಳು, 1.1 ಎಂದರೆ 11 ಹತ್ತನೇ ಭಾಗಗಳು. 1485ನ್ನು 11ರಿಂದ ಗುಣಿಸಿದರೆ 16335. ಹತ್ತನೇ ಭಾಗದ ಹತ್ತನೇ ಭಾಗ ನೂರನೇ ಭಾಗ. ಆದ್ದರಿಂದ ಉತ್ತರ 16335 ನೂರನೇ ಭಾಗಗಳು, ಅಂದರೆ 163.35.

ಸಮರ್ಕಂದ್‌ನಲ್ಲಿ ಉಲುಗ್ ಬೇಗ್‌ನ ಆಶ್ರಯದಲ್ಲಿದ್ದ ಜಮ್ಶೀದ್ ಅಲ್ ಕಾಶಿ 1427ರಲ್ಲಿ 'ಮಿಫ್ತಾಹುಲ್ ಹಿಸಾಬ್' ಮುಗಿಸಿ, ದಶಮಾಂಶಗಳ ಲೆಕ್ಕಕ್ಕೆ ಒಂದು ವ್ಯವಸ್ಥೆ ಕೊಟ್ಟರು. ಖಗೋಳಜ್ಞರ ಅರವತ್ತರ ಲೆಕ್ಕ ಬಾರದವರಿಗೂ ಹತ್ತರ ಲೆಕ್ಕ ಸುಲಭವಾಗಲಿ ಎಂಬುದು ಅವರ ಕಾಳಜಿ. 1585ರಲ್ಲಿ ಡಚ್ ಭಾಷೆಯ ಒಂದು ಕಿರುಪುಸ್ತಕದ ಮೂಲಕ ಸೈಮನ್ ಸ್ಟೆವಿನ್ ಇದನ್ನು ಯುರೋಪಿನ ವರ್ತಕರಿಗೂ ಭೂಮಾಪಕರಿಗೂ ತಲುಪಿಸಿದ. ಆತ ಅರಬಿ ಗ್ರಂಥಗಳನ್ನು ನೋಡಿದ್ದನೆಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಒಂದೇ ಅಗತ್ಯ ಬೇರೆ ಬೇರೆ ಕಡೆ ಒಂದೇ ದಾರಿ ತೋರಿಸಿದ್ದರೂ ಅಚ್ಚರಿಯಿಲ್ಲ.

ಭಾರತದಲ್ಲಿ 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ರೂಪಾಯಿ ನೂರು ಪೈಸೆಯ ರೂಪಾಯಿಯಾಯಿತು. ಅಂದಿನಿಂದ ನಮ್ಮ ಅಂಗಡಿಯ ಚೀಟಿಯಲ್ಲೂ ಈ ಚುಕ್ಕಿ ಇದೆ. ಅದರ ಎಡಕ್ಕಿರುವ ಸ್ಥಾನಗಳು ಭಾರತದ ಕೊಡುಗೆ. ಬಲಕ್ಕೆ ದಾರಿ ತೆರೆದದ್ದು ದಮಸ್ಕಸ್ ಮತ್ತು ಸಮರ್ಕಂದ್. ಮಕ್ಕಳಿಗೆ ನಿಯಮದ ಜೊತೆ ಅದರ ಕಾರಣವನ್ನೂ, ಅದು ನಡೆದು ಬಂದ ದಾರಿಯನ್ನೂ ಹೇಳಿಕೊಡೋಣ. ಪಡೆದವರು ಕೊಟ್ಟವರ ಹೆಸರನ್ನು ಗೌರವದಿಂದ ಹೇಳಿದ್ದರು ಎಂಬುದು ಇಂದು ನಾವು ಕಲಿಯಬೇಕಾದ ಇನ್ನೊಂದು ಪಾಠ.