ಜ್ವರಗಡ್ಡೆಯ ಲೆಕ್ಕ: ಮಂಡ್ಯ ಸೀಮೆಯ ಶಾಲಾ ಆರೋಗ್ಯ ಚರಿತ್ರೆಯ ಒಂದು ತಪ್ಪು ಓದು

ಭೋರ್ ಸಮಿತಿಯ 1946ರ ವರದಿಯ ಒಂದು ಮಾತನ್ನು ನಮ್ಮ ಸಮುದಾಯ ವೈದ್ಯಶಾಸ್ತ್ರದ ಪಠ್ಯಪುಸ್ತಕಗಳು ತಲೆಮಾರುಗಳಿಂದ ಒಪ್ಪಿಸುತ್ತ ಬಂದಿವೆ. ಶಾಲಾ ಆರೋಗ್ಯ ಸೇವೆ ಇಲ್ಲವೆಂದೇ ಹೇಳಬೇಕು, ಇದ್ದ ಕಡೆಯೂ ಅದು ಬೆಳೆದಿಲ್ಲ ಎಂಬುದು ಆ ಮಾತಿನ ಸಾರ. ಅದನ್ನೇ ನೆಚ್ಚಿಕೊಂಡು ಮಂಡ್ಯ, ಮದ್ದೂರು, ಮಳವಳ್ಳಿಗಳ ಮಟ್ಟಿಗೂ 1946ರ ಹಿಂದಿನ ಪುಟಗಳನ್ನು ಖಾಲಿ ಬಿಡುವುದು ರೂಢಿಯಾಗಿಬಿಟ್ಟಿದೆ. ಆದರೆ 1943ರಲ್ಲಿ ನೇಮಕವಾದ ಆ ಸಮಿತಿಗೆ ಒಪ್ಪಿಸಿದ್ದ ಕೆಲಸ ಬ್ರಿಟಿಷ್ ಇಂಡಿಯಾದ ಆರೋಗ್ಯ ಸಮೀಕ್ಷೆ. ಈ ಮೂರು ತಾಲ್ಲೂಕುಗಳು ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ದೇಶದಲ್ಲಿ ಮೊದಲು ನಡೆದದ್ದು 1909ರಲ್ಲಿ ಬರೋಡದಲ್ಲಿ ಎಂದು ಅವೇ ಪಠ್ಯಪುಸ್ತಕಗಳು ಅದೇ ಅಧ್ಯಾಯದಲ್ಲಿ ಹೇಳುತ್ತವೆ. ಬರೋಡವೂ ಸಂಸ್ಥಾನವೇ. ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ಓದಿದ್ದರೂ ಈ ಗೊಂದಲ ಹುಟ್ಟುತ್ತಿರಲಿಲ್ಲ.

ಖಾಲಿ ಪುಟವನ್ನು ತುಂಬಲು ಹೊರಟವರ ಆತುರ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಇರ್ವಿನ್ ನಾಲೆಯ (ಈಗಿನ ವಿಶ್ವೇಶ್ವರಯ್ಯ ನಾಲೆ) ಬಯಲಿಗೆ ಮಲೇರಿಯಾ ಬಂದ ಮೇಲೆ ಮಕ್ಕಳ ಹೊಟ್ಟೆ ಮುಟ್ಟಿ ನೋಡಿ ಬರೆದಿಟ್ಟ ಗುಲ್ಮದ (ಸ್ಪ್ಲೀನ್) ಲೆಕ್ಕವೇ ಈ ಸೀಮೆಯ ಮೊದಲ ಶಾಲಾ ಆರೋಗ್ಯ ತಪಾಸಣೆ ಎನ್ನುವವರಿದ್ದಾರೆ. ಊರಿನ ಮೇಲಿನ ಅಭಿಮಾನ ನನಗೂ ಉಂಟು. ಆದರೆ ಆ ಲೆಕ್ಕ ಏನನ್ನು ಅಳೆಯುತ್ತಿತ್ತು ಎಂದು ಕೇಳದೆ ಅದನ್ನು ಸಾಕ್ಷ್ಯವಾಗಿ ಎತ್ತಿಕೊಳ್ಳಲು ಬರುವುದಿಲ್ಲ.

ಅಳೆಯುವ ಕ್ರಮವನ್ನೇ ನೋಡೋಣ. ಪರೀಕ್ಷಿಸುವವರು ಮಗುವಿನ ಬಲಕ್ಕೆ ನಿಂತು, ಎಡ ಪಕ್ಕೆಲುಬಿನ ಅಂಚಿನ ಕೆಳಗೆ ಬೆರಳಿಟ್ಟು, ಉಸಿರನ್ನು ಜೋರಾಗಿ ಎಳೆದುಕೊಳ್ಳಲು ಹೇಳುತ್ತಾರೆ. ಆರೋಗ್ಯವಂತ ಮಗುವಿನ ಗುಲ್ಮ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ಚಳಿಜ್ವರ ಮತ್ತೆ ಮತ್ತೆ ಬಂದುಹೋದ ಮಗುವಿನಲ್ಲಿ ಅದು ಊದಿ, ಉಸಿರಿನೊಂದಿಗೆ ಇಳಿದು ಬೆರಳಿಗೆ ತಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇದನ್ನೇ ಜ್ವರಗಡ್ಡೆ ಅಂದದ್ದು. ಪಕ್ಕೆಲುಬಿನಿಂದ ಹೊಕ್ಕುಳಿನ ಕಡೆಗೆ ಅದು ಎಷ್ಟು ಬೆರಳು ಇಳಿದಿದೆ ಎಂದು ಗುರುತು ಹಾಕುತ್ತಾರೆ. ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ ಎಷ್ಟು ಜನರಿಗೆ ಗಡ್ಡೆ ಇದೆ ಎಂಬುದು ಆ ಊರಿನ ಗುಲ್ಮದ ದರ.

ಈ ಕ್ರಮದ ಹುಟ್ಟೇ ನಾಲೆಯ ದಡದಲ್ಲಿ. 1840ರ ದಶಕದಲ್ಲಿ ಉತ್ತರದ ಯಮುನಾ ನಾಲೆಗಳಿಂದ ಜ್ವರ ಹೆಚ್ಚಿತೇ ಎಂದು ವಿಚಾರಿಸಲು ಕೂತ ಸಮಿತಿಯಲ್ಲಿ ವೈದ್ಯ ಡೆಂಪ್ಸ್ಟರ್ ಊರೂರಿನ ಜನರ ಗುಲ್ಮ ಮುಟ್ಟಿ ನೋಡಿ ಹೋಲಿಸಿದರು. ಪ್ರಶ್ನೆ ಇದ್ದದ್ದು ನಾಲೆಯನ್ನು ಕುರಿತು. ಮಕ್ಕಳು ಆ ಪ್ರಶ್ನೆಗೆ ಅಳತೆಗೋಲು ಮಾತ್ರ. ಕೃಷ್ಣರಾಜಸಾಗರದ ನೀರು ಹುಲಿಕೆರೆಯ ಸುರಂಗ ದಾಟಿ 1930ರ ದಶಕದಲ್ಲಿ ಮಂಡ್ಯದ ಬಯಲಿಗೆ ಇಳಿದಾಗ ಎದ್ದದ್ದೂ ಅದೇ ಪ್ರಶ್ನೆ. ನಾಲೆಯ ಜೌಗು, ಮಣ್ಣು ತೆಗೆದ ಗುಂಡಿ, ನೀರು ನಿಂತ ಬೀಳು ಗದ್ದೆ, ಇವು ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗಗಳು. (ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ನಡೆದ ಸೊಳ್ಳೆ ಸಂಶೋಧನೆಯನ್ನು ನಾನು ಕಡೆಗಣಿಸುತ್ತಿಲ್ಲ. 1937ರಲ್ಲಿ ಸ್ವೀಟ್ ಮತ್ತು ಬಿ. ಎ. ರಾವ್ ಗುರುತಿಸಿದ ಸೊಳ್ಳೆಯ ಬಗೆಯೊಂದು ಇಂದಿಗೂ ಮೈಸೂರಿನ ಹೆಸರನ್ನೇ ಹೊತ್ತಿದೆ. ಆ ಕೆಲಸದ ಘನತೆ ಬೇರೆ, ಅದಕ್ಕೆ ನಾವು ಅಂಟಿಸುವ ಹೆಸರು ಬೇರೆ.)

ಇನ್ನು ಶಾಲೆಯ ಮಾತು. ಮಕ್ಕಳು ಒಟ್ಟಿಗೆ ಸಿಗುವ ಜಾಗವೆಂದು ಸಮೀಕ್ಷೆಯವರಿಗೆ ಶಾಲೆ ಅನುಕೂಲ. ಅಲ್ಲಿ ಸಿಗುವ ಮಕ್ಕಳಾದರೂ ಯಾರು? ಎರಡರಿಂದ ಐದರ ವಯಸ್ಸಿನವರು ಶಾಲೆಯಲ್ಲಿ ಇರುವುದೇ ಇಲ್ಲ, ಎಂದರೆ ಲೆಕ್ಕ ಬಯಸುವ ವಯಸ್ಸಿನ ಮೂರನೆಯ ಒಂದು ಪಾಲಿಗೂ ಹೆಚ್ಚು ಹೊರಗೇ ಉಳಿಯಿತು. 1913ರಲ್ಲೇ ಕಡ್ಡಾಯ ಶಿಕ್ಷಣದ ಶಾಸನ ಬಂದಿದ್ದರೂ ಹೆಣ್ಣುಮಕ್ಕಳು, ದನ ಕಾಯುವ ಹುಡುಗರು, ಜೀತದ ಮನೆಗಳ ಮಕ್ಕಳು, ಹೊಲಗೇರಿಯ ಮಕ್ಕಳು ಬೆಂಚಿನ ತನಕ ಬಂದದ್ದು ಎಷ್ಟು ನಿಧಾನವಾಗಿ ಎಂಬುದು ಈ ಸೀಮೆಯವರಿಗೆ ತಿಳಿಯದ್ದಲ್ಲ. ಗದ್ದೆ ಬದುವಿನಲ್ಲಿ ಹೊತ್ತು ಕಳೆದು, ಜೌಗಿನ ಪಕ್ಕದ ಗುಡಿಸಿಲಿನಲ್ಲಿ ಮಲಗುತ್ತಿದ್ದ ಮಕ್ಕಳು ಇವರೇ. ಜೊತೆಗೆ, ಸಮೀಕ್ಷೆಯ ದಿನ ಚಳಿ ಹತ್ತಿ ಕಂಬಳಿ ಹೊದ್ದು ಮನೆಯಲ್ಲಿ ಮಲಗಿದ್ದ ಮಗು ಹಾಜರಿ ಪುಸ್ತಕದಲ್ಲಿ ಗೈರು, ದರದಲ್ಲೂ ಗೈರು. ಆದ್ದರಿಂದ ಶಾಲೆಯಲ್ಲಿ ತೆಗೆದ ದರವನ್ನು ಊರಿನ ದರವೆಂದು ಓದಿದರೆ ರೋಗ ಇದ್ದುದಕ್ಕಿಂತ ಕಡಿಮೆ ಕಾಣುವ ಸಂಭವವೇ ಹೆಚ್ಚು. ಊದಿದ ಗುಲ್ಮ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಉಳಿಯುವುದರಿಂದ ಗೈರಿನ ಕೊರತೆ ಸ್ವಲ್ಪ ತುಂಬಿಕೊಳ್ಳುತ್ತದೆ ಎನ್ನಬಹುದು. ಒಪ್ಪುತ್ತೇನೆ. ಆದರೆ ಶಾಲೆಗೆ ಸೇರಲೇ ಇಲ್ಲದ ಮಗುವಿಗೆ ಈ ಸಮಾಧಾನ ಅನ್ವಯಿಸದು.

ಮುಖ್ಯ ಆಕ್ಷೇಪ ಇನ್ನೂ ಸರಳ. ಗುಲ್ಮದ ದರದಲ್ಲಿ ಊರಿನ ಹೆಸರಿರುತ್ತದೆ, ಮಗುವಿನ ಹೆಸರಿರುವುದಿಲ್ಲ. ಮೂರು ಬೆರಳು ಗಡ್ಡೆಯ ಹುಡುಗ ಯಾರು, ಅವನಿಗೆ ಕ್ವಿನೈನ್ ಕೊಟ್ಟರೇ, ಮುಂದಿನ ವರ್ಷ ಅವನು ಹೇಗಿದ್ದ ಎಂಬುದಕ್ಕೆ ನೂರರಲ್ಲಿ ಇಷ್ಟು ಎಂಬ ಅಂಕಿಯೊಳಗೆ ಜಾಗವೇ ಇಲ್ಲ. ಮಗುವಿನ ಬಳಿಗೆ ಮರಳಿ ಬರದ ಪರೀಕ್ಷೆಯನ್ನು ಆರೋಗ್ಯ ಸೇವೆ ಎನ್ನಲು ನಾನು ಸಿದ್ಧನಿಲ್ಲ.

ಹಾಗಾದರೆ ಎಲ್ಲಿಂದ ಹುಡುಕಬೇಕು? ರಾಕ್‌ಫೆಲರ್ ನೆರವಿನ ಗ್ರಾಮಾಂತರ ಆರೋಗ್ಯ ಘಟಕ ಮಂಡ್ಯದಲ್ಲಿ ಶುರುವಾದದ್ದು 1920ರ ದಶಕದ ಕೊನೆಯಲ್ಲಿ, ಎಂದರೆ ನಾಲೆಯ ನೀರಿಗಿಂತ ಮೊದಲು. ಮಂಡ್ಯ ಆಗ ಜಿಲ್ಲೆಯೂ ಆಗಿರಲಿಲ್ಲ. ಜಿಲ್ಲೆಯಾದದ್ದು 1939ರಲ್ಲಿ. ಇಂಥ ಘಟಕಗಳ ದಿನನಿತ್ಯದ ಕೆಲಸ ಜನನ ಮರಣದ ದಾಖಲೆ, ಹೆರಿಗೆ, ಊರಿನ ನೈರ್ಮಲ್ಯ, ಸಿಡುಬಿನ ದಾಕು (ಲಸಿಕೆ). ದಾಕು ಹಾಕುವವರ ಕೆಲಸ ಒಂದೇ ಭೇಟಿಗೆ ಮುಗಿಯುವಂಥದ್ದಲ್ಲ. ದಾಕು ಎದ್ದಿದೆಯೇ ಎಂದು ವಾರದ ಮೇಲೆ ಅದೇ ಮಗುವಿನ ತೋಳು ನೋಡಬೇಕು, ಏಳದಿದ್ದರೆ ಮತ್ತೆ ಹಾಕಬೇಕು. ಅದಕ್ಕೆ ಹೆಸರು ಬೇಕು, ತಂದೆಯ ಹೆಸರು ಬೇಕು, ಮನೆ ಗೊತ್ತಿರಬೇಕು. ಶಾಲೆಗೆ ಸೇರದ ಹುಡುಗಿಯೂ ದಾಕಿನ ಪುಸ್ತಕದೊಳಗೆ ಬರುತ್ತಾಳೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮದ್ದೂರಿನ ಒಂದು ಶಾಲೆಯಲ್ಲಿ ಮಗುವಿನ ಹೆಸರಿನಲ್ಲೇ ದಾಖಲೆ ಬರೆದು, ದೋಷ ಕಂಡರೆ ಆಸ್ಪತ್ರೆಗೆ ಕಳಿಸುವಾಗ ಆ ದಾಖಲೆಯ ವಂಶಾವಳಿ ಹೋಗಿ ಮುಟ್ಟುವುದು ದಾಕಿನ ಪುಸ್ತಕಕ್ಕೆ, ಗುಲ್ಮದ ಪಟ್ಟಿಗಲ್ಲ.