ಕಾರಿಗೆ ಒಂದು ಸೈಜ್ ದೊಡ್ಡ ಟೈರ್ ಹಾಕಿಸಿದರೆ ಒಳ್ಳೆಯದೇ?

‘ಒಂದು ಸೈಜ್ ದೊಡ್ಡದು ಹಾಕಸ್ರಿ, ಗ್ರಿಪ್ ಚಲೋ ಬರ್ತೈತಿ, ಗಾಡಿ ಎತ್ತರಾನೂ ಆಗ್ತೈತಿ.’ ಟೈರ್ ಸವೆದಾಗ ಸಿಗುವ ಈ ಸಲಹೆ ಅರ್ಧ ಮಾತ್ರ ನಿಜ. ದೊಡ್ಡದಾಗುವುದು ಅಗಲವೋ, ರಿಮ್ಮೋ, ಇಡೀ ಚಕ್ರವೋ ಎಂದು ಮೊದಲು ಕೇಳಬೇಕು.

ಮಾರುತಿ ಸ್ವಿಫ್ಟ್ ಕಾರನ್ನೇ ನೋಡೋಣ. ಕಡಿಮೆ ಬೆಲೆಯ ಮಾದರಿಗಳಿಗೆ 165/80 ಆರ್14, ದುಬಾರಿ ಮಾದರಿಗಳಿಗೆ 185/65 ಆರ್15 ಟೈರ್ ಬರುತ್ತದೆ. 165 ಎಂದರೆ ಟೈರಿನ ಅಗಲ, ಮಿ.ಮೀ.ನಲ್ಲಿ. 80 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 80, ಅಂದರೆ 132 ಮಿ.ಮೀ. 14 ರಿಮ್ಮಿನ ಇಂಚು. ಮೇಲೊಂದು ಕೆಳಗೊಂದು ಗೋಡೆ ಸೇರಿಸಿದರೆ ಚಕ್ರದ ಒಟ್ಟು ವ್ಯಾಸ 619.6 ಮಿ.ಮೀ. ಎರಡನೆಯದರದ್ದು 621.5. ರಿಮ್ ಒಂದು ಇಂಚು ಹಿಗ್ಗಿದರೂ ಚಕ್ರ ಹಿಗ್ಗಿದ್ದು 2 ಮಿ.ಮೀ. ಮಾತ್ರ. ಕಂಪನಿ ಕಾಪಾಡಿಕೊಂಡಿದ್ದು ಈ ವ್ಯಾಸವನ್ನು.

ಅದೇ 14 ಇಂಚಿನ ಕಾರಿಗೆ 205/65 ಆರ್15 ಹಾಕಿಸಿದರೆ ವ್ಯಾಸ 647.5 ಆಗುತ್ತದೆ, ಶೇ. 4.5 ಹೆಚ್ಚು. ಮೀಟರಿನಲ್ಲಿ ಮೊದಲೇ ಇರುವ ವ್ಯತ್ಯಾಸ ಬಿಟ್ಟರೆ, ಮುಳ್ಳು 80 ತೋರಿಸುವಾಗ ಕಾರು ಸುಮಾರು 83.6 ಕಿ.ಮೀ. ವೇಗದಲ್ಲಿರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಮಡ್‌ಗಾರ್ಡಿಗೆ ಉಜ್ಜಬಹುದು. ಇಷ್ಟಾಗಿ ಕಾರು ಏರುವುದು ಬರೀ 14 ಮಿ.ಮೀ. ಸಣ್ಣ ಚಕ್ರದ್ದು ತಿರುಗುಮುರುಗು: ಮೀಟರ್ ಹೆಚ್ಚು ಕಿ.ಮೀ. ತೋರಿಸುತ್ತದೆ, ಮಾಲೀಕರು ಮೈಲೇಜ್ ಏರಿತೆಂದು ಖುಷಿಪಡುತ್ತಾರೆ! ವ್ಯತ್ಯಾಸ ಶೇ. 2–3 ಮೀರಬಾರದೆಂಬುದು ರೂಢಿಯ ಲೆಕ್ಕ.

ತುಂಗಭದ್ರೆಯ ದಂಡೆಯ ಐರಣಿಯಿಂದ ರಾಣೇಬೆನ್ನೂರಿಗೆ ಬಂದು ಹೆದ್ದಾರಿ 48 ಹಿಡಿಯುವ ಕಾರಿಗೆ ನಾವಾದರೆ 14 ಇಂಚನ್ನೇ ಉಳಿಸುತ್ತೇವೆ. ಹಳ್ಳಿ ರಸ್ತೆಯ ಗುಂಡಿಗೆ ಬಿದ್ದಾಗ ಎತ್ತರದ ಗೋಡೆಯೇ ಮೆತ್ತೆ. ಅದು ಗಿಡ್ಡವಾದಷ್ಟೂ ಪೆಟ್ಟು ರಿಮ್ಮಿಗೆ. ಅಗಲ ಟೈರ್ ಒಣ ಡಾಂಬರಿನಲ್ಲಿ ಹಿಡಿತ ಕೊಟ್ಟೀತು, ಆದರೆ ಮಳೆಗಾಲದಲ್ಲಿ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಅಲ್ಲಿ ಕಾಯುವುದು ಗೀರುಗಳ ಆಳ, 1.6 ಮಿ.ಮೀ.ಗೆ ಇಳಿದ ಟೈರ್ ಕಾನೂನಿನ ಪ್ರಕಾರವೂ ಮುಗಿದಂತೆ.

ಅಳತೆಯ ಪಕ್ಕದ ‘85ಟಿ’ಯಂಥ ಗುರುತನ್ನು ಹೆಚ್ಚಿನವರು ಓದುವುದೇ ಇಲ್ಲ. 85 ಎಂದರೆ ಒಂದು ಟೈರ್ ಹೊರುವ ಗರಿಷ್ಠ ಭಾರ 515 ಕೆ.ಜಿ., ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗದ ಮಿತಿ. 82 ಆದರೆ ಭಾರ 475ಕ್ಕೆ ಇಳಿಯುತ್ತದೆ. ಮನೆಮಂದಿಯ ಜೊತೆ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲವನ್ನೂ ತುಂಬುವವರು ಈ ಅಂಕೆಯಲ್ಲಿ ರಾಜಿಯಾಗಬಾರದು. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲಿನ ಚೀಟಿಯಲ್ಲಿ ಕಂಪನಿ ಒಪ್ಪಿದ ಅಳತೆ, ಗಾಳಿಯ ಒತ್ತಡ ಎರಡೂ ಇರುತ್ತವೆ.

ಹಳೆಯ ಅಲಾಯ್ ರಿಮ್ ಕೊಳ್ಳುವುದಾದರೆ ನಟ್ಟಿನ ತೂತುಗಳ ಸಂಖ್ಯೆ, ಅವುಗಳ ನಡುವಿನ ಅಂತರ, ನಡುತೂತಿನ ಅಳತೆ ಎಲ್ಲವೂ ಹೊಂದಬೇಕು. ಸ್ಟೆಪ್ನಿಯನ್ನೂ ಮರೆಯಬೇಡಿ. ಅದರ ವ್ಯಾಸ ಬೇರೆಯಾಗಿದ್ದರೆ ಪಂಕ್ಚರ್ ಅಂಗಡಿ ಸಿಗುವವರೆಗೆ ನಿಧಾನವಾಗಿ ಓಡಿಸಿ.